ಮಾವನವರ ಏರಿಗೆ ಕೋಡಿ

ನಮ್ಮೂರ ಹೊಳೆದಂಡೆಯ ಏರಿಗೆ ನಮ್ಮ ಮಾವನವರ ಹೆಸರಿದೆ. ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎನ್ನುವುದು ನಮ್ಮಲ್ಲಿ ಇನ್ನೂ ಉಳಿದಿರುವ ಪದ್ಧತಿ. ಊರಿಗೆ ಊರೇ ಹೆಸರು ಹಿಡಿದು ಕರೆಯುವ ಆ ಏರಿಯನ್ನು ನಾನೊಬ್ಬಳು ಮಾತ್ರ 'ಮಾವನವರ ಏರಿ' ಎನ್ನುತ್ತೇನೆ. ಇಲ್ಲಿಯೂ ಹಾಗೇ ಎನ್ನುತ್ತೇನೆ. ಆ ಏರಿ ಪ್ರವಾಹ ತಡೆಯುತ್ತದೋ ಇಲ್ಲವೋ ನೋಡಿ ಬರೆದುಕೊಡುವ ಕೆಲಸ ಯಾರ ಪಾಲಿಗಾದರೂ ಬೀಳಬಹುದಿತ್ತು. ನನ್ನ ಪಾಲಿಗೇ ಬಿತ್ತು.

ನಾನು ಜಿಲ್ಲೆಯ ನೀರಾವರಿ ಕಚೇರಿಯಲ್ಲಿ ಇಂಜಿನಿಯರು. ವಸಂತದ ನವ್ರೂಜ್ ಹಬ್ಬ ಆಗಷ್ಟೇ ಮುಗಿದಿತ್ತು. ನಮ್ಮ ಮೇಲಧಿಕಾರಿ ಮುಕಾಶ್ ಅವರು ಕರೆದು ನಮ್ಮೂರು ಶಗಿಲ್-ಆರಿಕ್‌ನವರ ಅರ್ಜಿಯನ್ನು ಕೈಗಿಟ್ಟರು. ಚೋನ್-ಸೂ ಹೊಳೆಯ ಪಕ್ಕದ ಹಳೇ ಜಲ್ಲಿ ಗಣಿ ಈಗ ಕೊಳವಾಗಿದೆ, ಸುತ್ತ ಹುಲ್ಲು ಬಂದಿದೆ, ಬೇಸಿಗೆಯಲ್ಲಿ ಮಕ್ಕಳು ಈಜಲಿ, ಮೀನು ಬಿಡೋಣ, ಅದನ್ನು ಊರಿಗೆ ಬಿಟ್ಟುಕೊಡಿ ಎಂದು ಅರ್ಜಿ. ಬಿಟ್ಟುಕೊಡುವ ಮುಂಚೆ ಹೊಳೆ ಉಕ್ಕಿದರೆ ಅಲ್ಲಿ ಏನಾಗುತ್ತದೆ ಎಂದು ಯಾರಾದರೂ ಅಳತೆ ಮಾಡಿ ಹೇಳಬೇಕಲ್ಲ. ಅದು ನನ್ನ ಗಂಡನ ಊರು, ಏರಿ ಕಟ್ಟಿಸಿದ್ದು ನಮ್ಮ ಮಾವನವರೇ, ಬೇರೆ ಯಾರನ್ನಾದರೂ ಕಳಿಸಿ ಎಂದೆ. ಮುಕಾಶ್ ಚಹಾದ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಈ ಜಿಲ್ಲೇಲಿ ನೆಂಟರಿಲ್ಲದ ಹೊಳೆ ಹುಡುಕ್ಕೊಂಡು ಹೋದ್ರೆ ಚೀನಾ ಗಡಿ ದಾಟ್ಬೇಕಾಗುತ್ತೆ ಕಣಮ್ಮ. ನೀನು ಅಳತೆ ತಗೋ. ನಾನು ಬಂದು ಇನ್ನೊಂದ್ಸಲ ನೋಡಿ ಸಹಿ ಹಾಕ್ತೀನಿ."

ಆ ಗುಂಡಿ ತೋಡಿದವರೂ ಮಾವನವರೇ. ಹೆದ್ದಾರಿಗೆ ಜಲ್ಲಿ ಬೇಕಾದಾಗ ಅಲ್ಲಿ ಅಗೆಯುವ ಯಂತ್ರ ಓಡಿಸುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಜಲ್ಲಿ ಮುಗಿದ ಮೇಲೆ ಗಣಿಯವರು ಗುಂಡಿಯ ಅಂಚನ್ನು ಇಳಿಜಾರು ಮಾಡಿ, ಮೇಲೆ ಮಣ್ಣು ಹರಡಿ, ವಿಲೋ ಕಡ್ಡಿಗಳನ್ನು ನೆಟ್ಟು ಹೋದರು. ತಳದಿಂದ ನೀರು ಒಸರಿ ಅರ್ಧ ಗುಂಡಿ ತುಂಬಿತು. ಹೊಳೆಗೂ ಗುಂಡಿಗೂ ನಡುವೆ ಒಂದು ಪಟ್ಟಿ ನೆಲ ಮಾತ್ರ ಉಳಿದಿತ್ತು. ಹಿಮ ಕರಗುವ ಕಾಲಕ್ಕೆ ಹೊಳೆ ಅದನ್ನು ದಾಟಿ ಬಂದರೆ ಗತಿಯೇನು ಎಂದು ಮಾವನವರಿಗೆ ದಿಗಿಲು. ತಾನು ತೋಡಿದ್ದರಿಂದ ಊರಿಗೆ ಕೇಡಾಗಬಾರದು ಎಂದು ಮನೆಮನೆಗೂ ಹೋಗಿ ಮುಯ್ಯಾಳು ಕರೆದರು. ಒಬ್ಬೊಬ್ಬರು ಒಂದೊಂದು ಟ್ರೇಲರ್ ಕಲ್ಲುಮಣ್ಣು ತಂದು ಸುರಿದರು. ಹೆಂಗಸರು ಅಲ್ಲೇ ಒಲೆ ಹೂಡಿ ಅಡುಗೆ ಮಾಡಿದರು. ಹೀಗೆ ಆಳೆತ್ತರದ ಏರಿ ಎದ್ದಿತು.

ಆಮೇಲೆ ಅದರ ಮೇಲೆ ತೆರೆಕ್ ಗಿಡಗಳು ಬಂದವು. ನಮ್ಮಲ್ಲಿ ಮಗು ಹುಟ್ಟಿದರೆ ಒಂದು ತೆರೆಕ್ ಕಡ್ಡಿ ನೆಡುತ್ತಾರೆ. ನೆಟ್ಟಗೆ ಮೇಲಕ್ಕೇ ಬೆಳೆಯುವ ಮರ ಅದು. ಮಗು ದೊಡ್ಡದಾಗಿ ಮನೆ ಕಟ್ಟುವ ಹೊತ್ತಿಗೆ ಮರವೂ ಜಂತೆಗೆ ಸಿದ್ಧವಾಗಿರುತ್ತದೆ. ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಏರಿಯ ಮೇಲೇ ನೆಡಿ ಎಂದು ಮಾವನವರು ಹೇಳಿದ್ದರು. ಮೊದಲ ಕಡ್ಡಿ ನಮ್ಮ ಮಗಳು ಉಲ್ಜಾನಳದ್ದು, ಕೆಳತುದಿಯಲ್ಲಿ. ಅಲ್ಲಿಂದ ಮೇಲಕ್ಕೆ ಶಾಲೆಯ ಮಕ್ಕಳನ್ನು ಸಾಲು ನಿಲ್ಲಿಸಿದ ಹಾಗೆ ಗಿಡಗಳು. ಮದುವೆಯಾದವರು ಫೋಟೋ ತೆಗೆಸಿಕೊಳ್ಳುವುದಕ್ಕೆ ಪಕ್ಕದೂರಿಂದಲೂ ಅಲ್ಲಿಗೆ ಬರುತ್ತಿದ್ದರು.

ಅಳತೆಯ ದಿನ ಕೋಲು ಹಿಡಿಯಲು ಊರಿನ ನೀರುಗಂಟಿ ತುರ್ಗುನ್ ಬಂದ. ಹೊಲಗಳಿಗೆ ಸರದಿಯ ನೀರು ಬಿಡುವವನು ಅವನೇ. ನಮ್ಮ ಮನೆಯವರಿಗಿಂತ ಚಿಕ್ಕವನು, ಹಾಗಾಗಿ ಅವನ ಹೆಸರು ಹೇಳಲು ಅಡ್ಡಿಯಿಲ್ಲ. ಅತ್ತಿಗೆಯನ್ನು ಗೋಳು ಹೊಯ್ದುಕೊಳ್ಳುವುದು ಅವನ ಹಕ್ಕು. ಬೆಳಗಿನಿಂದ ಕೋಲು ಹಿಡಿದು ಗಡಿಕಲ್ಲಾಗಿಬಿಟ್ಟಿದ್ದೇನೆ, ನಾಳೆ ಯಾರಾದರೂ ನನ್ನನ್ನೂ ನಕ್ಷೆಗೆ ಸೇರಿಸುತ್ತಾರೆ ಎಂದು ಗೊಣಗುತ್ತಿದ್ದ. ಹೊಳೆ ಆಗಿನ್ನೂ ಸಣಕಲು, ಬಿಳಿಗಲ್ಲುಗಳ ನಡುವೆ ದಾರಿ ಹುಡುಕುತ್ತಿತ್ತು.

ಮಧ್ಯಾಹ್ನ ಲೆಕ್ಕ ಹಾಕಿ ನೋಡಿದೆ. ನಂಬಿಕೆಯಾಗದೆ ಮತ್ತೊಮ್ಮೆ ಅಳೆದೆ. ಹೊಳೆ ಇಳಿಜಾರು, ಕೊಳ ಸಮತಟ್ಟು. ಕೆಳತುದಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಮೇಲ್ತುದಿಯಲ್ಲಿ ಮಾತ್ರ ಕೊಳದ ನೀರು ಹೊಳೆಗಿಂತ ಒಂದು ಮನೆಯೆತ್ತರ ಕೆಳಗಿದೆ. ಹೊಳೆ ಏರಿದಾಗ ಏರಿಯ ಮೇಲ್ತುದಿ ಎಲ್ಲಿ ತೆಳುವಾಗಿದೆಯೋ, ಎಲ್ಲಿ ಬೇರಿನ ಗುಂಟ ನೀರು ನುಸುಳುತ್ತದೋ ಅಲ್ಲಿ ಒಡೆಯುತ್ತದೆ. ಒಡೆದ ನೀರು ಗುಂಡಿಗೆ ಧುಮುಕುತ್ತದೆ. ಧುಮುಕುವ ನೀರು ತಾನು ಬಂದ ಕಡೆಗೇ ನೆಲವನ್ನು ತಿನ್ನುತ್ತ ಹೋಗುತ್ತದೆ. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಹೊಳೆಯ ಮೇಲುಗಡೆ, ನಮ್ಮ ಕಾಲುವೆಯ ಬಾಯಿ. ಹೊಳೆಯ ತಳ ಅಲ್ಲಿಯವರೆಗೆ ಕುಸಿದರೆ ಕಾಲುವೆಯ ಬಾಯಿ ಗಾಳಿಯಲ್ಲಿ ನೇತಾಡುತ್ತದೆ. ಮನೆಗಳು ಮುಳುಗುವುದಿಲ್ಲ. ಆದರೆ ಬೀಟ್‌ರೂಟು, ಹುರುಳಿಕಾಯಿ, ಮೇವಿನ ಹುಲ್ಲು ಎಲ್ಲಕ್ಕೂ ನೀರು ಬೇಕಾದ ಹೊತ್ತಿನಲ್ಲೇ ಕಾಲುವೆ ಒಣಗುತ್ತದೆ.

ಪರಿಹಾರವೂ ಅದೇ ಅಳತೆಯಲ್ಲಿತ್ತು. ಕೆಳತುದಿಯಲ್ಲಿ ಏರಿಯನ್ನು ತಗ್ಗಿಸಿ, ದಪ್ಪ ಕಲ್ಲು ಹಾಸಿ, ಒಂದು ಅಗಲವಾದ ಕೋಡಿ ಮಾಡಬೇಕು. ಹೊಳೆ ಏರುತ್ತಿದ್ದ ಹಾಗೇ ನೀರು ಅಲ್ಲಿಂದ ಮೆಲ್ಲಗೆ ಒಳಗೆ ಬರುತ್ತದೆ. ಮೇಲ್ತುದಿಗೆ ಅಪಾಯ ಬರುವ ಹೊತ್ತಿಗೆ ಕೊಳ ತುಂಬಿರುತ್ತದೆ, ಬೀಳುವುದಕ್ಕೆ ಎತ್ತರವೇ ಉಳಿದಿರುವುದಿಲ್ಲ.

"ಅಂದ್ರೆ ಎತ್ತರ ಮಾಡಿದ್ದೇ ತಪ್ಪಾಯ್ತಾ ಅತ್ತಿಗೆ?" ಎಂದು ತುರ್ಗುನ್ ಕೇಳಿದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಎತ್ತರ ಮಾಡಿದ್ದು ತಪ್ಪಲ್ಲ, ಬಾಗಿಲಿಡದೆ ಇದ್ದದ್ದು ತಪ್ಪು ಎಂದೆ. ಹೇಳುವುದು ಸುಲಭವಿತ್ತು. ಆ ಬಾಗಿಲು ಬರಬೇಕಾದ ಜಾಗದಲ್ಲಿ ನನ್ನ ಮಗಳ ಗಿಡ ನಿಂತಿತ್ತು.

ಅಂದು ಊಟವಾದ ಮೇಲೆ ಚಹಾದ ಹೊತ್ತಿಗೆ ಮಾವನವರಿಗೆ ಎಲ್ಲ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ಕೇಳಲಿ ಎಂದು. ಅವರು ಕೊನೆಯವರೆಗೂ ಕೇಳಿದರು.

"ಹೊಳೆ ಒಳಗೆ ಬರಬಾರದು ಅಂತ ಊರೆಲ್ಲ ಸೇರಿ ಕಟ್ಟಿದ್ದು. ನೀನು ಬಾಗಿಲು ತೆಗೆದು ಕರೀರಿ ಅಂತೀಯ," ಎಂದರು.

ಕೆಟಲ್ ಎತ್ತಿ ತಾವೇ ಚಹಾ ಬಗ್ಗಿಸಿಕೊಂಡರು, ಅದೂ ಬಟ್ಟಲಿನ ಅಂಚಿನವರೆಗೆ. ನಮ್ಮಲ್ಲಿ ಚಹಾ ಬಗ್ಗಿಸುವುದು ಸೊಸೆಯ ಕೆಲಸ. ಅದೂ ಅರ್ಧ ಬಟ್ಟಲು ಮಾತ್ರ. ಅರ್ಧ ಎಂದರೆ ಇನ್ನೂ ಕೂತಿರಿ, ಮತ್ತೆ ಕೊಡುತ್ತೇನೆ ಎಂದು ಅರ್ಥ. ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೋಗು ಎಂದು. ಮಾವನವರು ತಮಗೆ ತಾವೇ ಹಾಗೆ ಹೇಳಿಕೊಂಡು, ಕುಡಿದು ಎದ್ದು ಹೋದರು.

ಅತ್ತೆ ರೊಟ್ಟಿಯ ಚೂರುಗಳನ್ನು ಬಟ್ಟೆಗೆ ಕೂಡಿಸಿಕೊಳ್ಳುತ್ತ ನಕ್ಕರು. "ಮದುವೆ ಆದಾಗಿನಿಂದ ಈ ಮನುಷ್ಯ ಕೆಟಲ್ ಮುಟ್ಟಿದ್ದು ಇದೇ ಮೊದಲು. ಸಿಟ್ಟು ಇನ್ನೊಂದು ವಾರ ಇರ್ಲಿ ಬಿಡೇ, ಪಾತ್ರೆ ತೊಳೆಯೋದೂ ಕಲೀತಾರೆ."

ನನಗೆ ನಗು ಬರಲಿಲ್ಲ. ಬರೆದುಕೊಟ್ಟುಬಿಡು, ಯಂತ್ರ ಕಳಿಸುತ್ತೇನೆ, ಒಂದೇ ದಿನದ ಕೆಲಸ ಎಂದು ಮುಕಾಶ್ ಫೋನಿನಲ್ಲಿ ಹೇಳಿದ್ದರು. ಯಂತ್ರ ಬಂದು, ಊರು ಕೈಯಾರೆ ಕಟ್ಟಿದ್ದನ್ನು ಕಚೇರಿಯವರು ಒಡೆದರೆ ಏರಿ ಸರಿಹೋಗುತ್ತದೆ. ಮಾವನವರು ಮಾತ್ರ ಮತ್ತೆ ಹಿರಿಯರ ಸಾಲಿನಲ್ಲಿ ಕೂತು ಮಾತಾಡಲಾರರು. ಒಡೆಯದೆ ಬಿಟ್ಟರೆ ಕಾಲುವೆ ಹೋಗುತ್ತದೆ. ತುಳೆಯೋ ಮುಗಿಯುವವರೆಗೆ ಸಮಯ ಕೊಡಿ ಎಂದು ಕೇಳಿಕೊಂಡೆ. ಹಿಮ ಕರಗುವ ಮುಂಚೆ ಊರವರೆಲ್ಲ ಹೊಳೆದಂಡೆಯಲ್ಲಿ ಕುರಿ ಕೊಯ್ದು, ವರ್ಷ ಸುಖವಾಗಿರಲಿ ಎಂದು ಬೇಡಿಕೊಂಡು ಒಟ್ಟಿಗೆ ಉಣ್ಣುವ ದಿನ ಅದು. ಅಷ್ಟರೊಳಗೆ ಮಾವನವರು ತಾವಾಗಿಯೇ ಒಪ್ಪದಿದ್ದರೆ ಯಂತ್ರ ಬರಲಿ ಎಂದೆ. ಮುಕಾಶ್ ಒಪ್ಪಿದರು.

ಅದಾಗಿ ಮೂರ್ನಾಲ್ಕು ದಿನ ಮನೆಯಲ್ಲಿ ಕೆಟಲ್ ಮಾವನವರ ಮಗ್ಗುಲಲ್ಲೇ ಇತ್ತು. ನಮ್ಮ ಮನೆಯವರು ಬೆಳಿಗ್ಗೆ ವ್ಯಾನು ತೆಗೆದುಕೊಂಡು ಪೇಟೆಗೆ ಹೋದರೆ ಸಂಜೆಯೇ ಬರುವುದು. ನೀವಿಬ್ಬರೂ ನೀರಿನವರು, ನಾನು ರಸ್ತೆಯವನು ಎಂದು ಜಾರಿಕೊಂಡರು.

ಭಾನುವಾರ ನಮ್ಮ ಸರದಿಯ ಮೊದಲ ನೀರು ಬಂತು. ನಾನು ಹಿತ್ತಲಲ್ಲಿ ಮಕ್ಕಳ ಬಟ್ಟೆ ಹರವುತ್ತಿದ್ದೆ. ಮಾವನವರು ಗುದ್ದಲಿ ಹಿಡಿದು ಜರ್ದಾಳು ಗಿಡಗಳ ಸಾಲಿಗೆ ನೀರು ತಿರುಗಿಸುತ್ತಿದ್ದರು. ಆ ಸಾಲಿನ ಪಕ್ಕದಲ್ಲೇ ನಮ್ಮ ಆಲೂಗಡ್ಡೆ ಗುಂಡಿ. ಚಳಿಗಾಲಕ್ಕೆಂದು ಆಲೂಗಡ್ಡೆ ಹೂತಿಡುವ ಆಳದ ಗುಂಡಿ ಅದು. ವಸಂತ ಬಂತೆಂದರೆ ಎಲ್ಲರೂ ಅದನ್ನು ಬರಿದು ಮಾಡಿ, ಮುಚ್ಚಳ ತೆಗೆದು ಬಿಸಿಲಿಗೆ ಒಣಗಲು ಬಿಡುತ್ತಾರೆ. ನೀರು ಒಳಗೆ ಹೋಗದಿರಲಿ ಎಂದು ಮಾವನವರು ಸುತ್ತ ಮಣ್ಣಿನ ಒಡ್ಡು ಎಬ್ಬಿಸಿದ್ದರು. ಅಚ್ಚುಕಟ್ಟಾದ ಒಡ್ಡು, ಗುದ್ದಲಿಯ ಬೆನ್ನಿಂದ ಬಡಿದು ನುಣುಪು ಮಾಡಿದ್ದು.

ಹೆಗ್ಗಣದ ಬಿಲವೋ ಏನೋ, ಒಡ್ಡಿನ ಅಡಿಯಿಂದ ಬೆರಳಿನಷ್ಟು ನೀರು ಗುಂಡಿಯೊಳಕ್ಕೆ ಇಳಿಯತೊಡಗಿತು. ನಾನು ನೋಡುವಷ್ಟರಲ್ಲಿ ಮುಷ್ಟಿಯಷ್ಟಾಗಿತ್ತು. ಗುಂಡಿಯ ಅಂಚು ಕಳಚಿ ಬಿತ್ತು, ಅದರ ಹಿಂದೆ ಒಡ್ಡು ಬಿತ್ತು. ಆಮೇಲೆ ಹಿತ್ತಲ ಕಾಲುವೆಯ ತಳವೇ ಹೊಲಿಗೆ ಬಿಚ್ಚಿಕೊಂಡ ಹಾಗೆ ಮೇಲಕ್ಕೆ, ನೀರು ಬರುವ ಕಡೆಗೆ, ಕಿತ್ತುಕೊಳ್ಳುತ್ತ ಹೋಯಿತು. ಬಟ್ಟೆ ಬಿಟ್ಟು ಇನ್ನೊಂದು ಗುದ್ದಲಿ ತರಲು ಓಡಿದೆ. ಮಾವನವರು ಕೈ ಅಡ್ಡ ಹಿಡಿದರು.

"ಬಿಡು. ಎಲ್ಲಿವರೆಗೆ ಹೋಗುತ್ತೆ ನೋಡೋಣ."

ಹಿತ್ತಲಿನ ಬೇಲಿಯವರೆಗೆ ಹೋಯಿತು. ಬೇಲಿ ದಾಟಿ ಬೀದಿ ಕಾಲುವೆಯ ಕವಲಿಗೂ ಬಾಯಿ ಹಾಕಿತು. ಪಕ್ಕದ ಮನೆಯ ಪಾಲಿನ ನೀರೂ ನಮ್ಮ ಗುಂಡಿಗೇ ಬರತೊಡಗಿದಾಗ ಮೇಲಿನಿಂದ ತುರ್ಗುನ್ ಕೂಗಿದ. ಆಲೂಗಡ್ಡೆಗೆ ಈಜು ಕಲಿಸುತ್ತಿದ್ದೀರಾ ಎಂದು ಕೇಳಿದ. ಅಷ್ಟರಲ್ಲಿ ಗುಂಡಿ ತುಂಬಿತು. ತುಂಬಿದ್ದೇ ತಡ, ಸದ್ದು ನಿಂತಿತು. ಕಿತ್ತುಹೋಗುತ್ತಿದ್ದ ಮಣ್ಣು ಅಲ್ಲಿಗೇ ನಿಂತಿತು. ನೀರಿನ ಮೇಲೆ ಹಳೇ ಹುಲ್ಲಿನ ಕಡ್ಡಿಯೊಂದು ಸುಮ್ಮನೆ ತೇಲುತ್ತಿತ್ತು.

ಮಾವನವರು ಗುದ್ದಲಿಯ ಹಿಡಿಯ ಮೇಲೆ ಗಲ್ಲವಿಟ್ಟು ಬಹಳ ಹೊತ್ತು ನೋಡಿದರು.

"ತುಂಬಿದ ಮೇಲೆ ತಿನ್ನೋದಿಲ್ಲ," ಎಂದರು.

"ಇಲ್ಲ ಮಾವ."

"ಮೊದಲೇ ಕೆಳಗಿನಿಂದ ತುಂಬಿಸಿದ್ರೆ?"

"ತಿನ್ನೋಕೆ ಶುರುವೇ ಮಾಡೋದಿಲ್ಲ."

ಅವರು ತಲೆಯಾಡಿಸಿದರು. "ನೀರು ಬರಬಾರದು ಅಂತ ಇಷ್ಟು ದಿನ ಹೆದರಿದೆ. ಬಂದ್ರೆ ಹೇಗೆ ಬರುತ್ತೆ ಅಂತ ಯೋಚನೇನೇ ಮಾಡ್ಲಿಲ್ಲ ನೋಡು." ಗುದ್ದಲಿಗೆ ಅಂಟಿದ ಮಣ್ಣು ಕೆರೆಯುತ್ತ, "ಆ ಗಣಿ ತೋಡುವಾಗ ಇಡೀ ಜಿಲ್ಲೇಲೇ ಆಳದ ಗುಂಡಿ ಅಂತ ಜಂಬ ಬೇರೆ ಇತ್ತು ನನಗೆ," ಎಂದರು.

ಅತ್ತೆ ಹೊರಗೆ ಬಂದು ಗುಂಡಿ ನೋಡಿ ಹಣೆ ಚಚ್ಚಿಕೊಂಡರು. ಇದು ಒಣಗುವುದು ಯಾವಾಗ, ಈ ವರ್ಷದ ಆಲೂಗಡ್ಡೆಯನ್ನು ನಿಮ್ಮ ಹಾಸಿಗೆಯ ಕೆಳಗೆ ಇಡುತ್ತೇನೆ ಎಂದು ಗಂಡನನ್ನು ಬೈದರು. ಒಳಗೆ ಹೋಗಿ ಕೂತಾಗ ಮಾವನವರು ಕೆಟಲನ್ನು ನನ್ನ ಕಡೆಗೆ ಸರಿಸಿದರು. ಅರ್ಧ ಬಟ್ಟಲು ಬಗ್ಗಿಸಿ ಕೊಟ್ಟೆ. ಮರುದಿನ ನನ್ನ ವರದಿಯನ್ನು ಬರೆದೆ. ಅದರಲ್ಲಿ ಏರಿಯ ಹೆಸರು ಬರೆಯಲೇಬೇಕಿತ್ತು. ಅತ್ತೆಯನ್ನು ಕೇಳಿದೆ. ಪದ್ಧತಿ ಇರುವುದು ಬಾಯಿಗೆ, ಕೈಗಲ್ಲ, ಬರಿ ಎಂದರು.

ತುಳೆಯೋ ದಿನ ಕೊಳದ ದಂಡೆಯ ಮೇಲೆ ಊರೆಲ್ಲ ಸೇರಿತ್ತು. ದೊಡ್ಡ ಕಡಾಯಿಗಳಲ್ಲಿ ಮಾಂಸ ಕುದಿಯುತ್ತಿತ್ತು. ಹೆಂಗಸರು ಎಣ್ಣೆಯಲ್ಲಿ ಹಿಟ್ಟಿನ ಬೂರ್ಸೋಕ್ ತುಂಡುಗಳನ್ನು ಕರಿಯುತ್ತಿದ್ದರು. ಆರು ವರ್ಷದ ಉಲ್ಜಾನ್ ಎರಡೂ ಕೈಯಲ್ಲಿ ಬಿಸಿ ಬೂರ್ಸೋಕ್ ಹಿಡಿದು ಯಾವುದನ್ನು ಮೊದಲು ಕಚ್ಚಲಿ ಎಂದು ತಿಳಿಯದೆ ನಿಂತಿದ್ದಳು. ಮುಕಾಶ್ ಕೂಡ ಬಂದು, ಬೆಳಿಗ್ಗೆಯೇ ಅಳತೆಗಳನ್ನು ನೋಡಿ, ಸರಿಯಿದೆ ಎಂದಿದ್ದರು. ಊಟಕ್ಕೆ ಮುಂಚೆ ನಾನು ಎದ್ದು ವಿಷಯ ಹೇಳಬೇಕಾಗಿತ್ತು. "ಮಾವನವರ ಏರಿ" ಎಂದು ಶುರು ಮಾಡುತ್ತಿದ್ದಂತೆ ಹಿಂದಿನಿಂದ ನಗು ಬಂತು. ಯಾವ ಮಾವ, ಈ ಊರಲ್ಲಿ ನಿನಗೆ ಅರ್ಧ ಊರೇ ಮಾವಂದಿರು ಎಂದು ತುರ್ಗುನ್ ಕೆಣಕಿದ. ನಾನೂ ನಕ್ಕೆ. ಆದರೆ ಕೋಡಿಯ ಮಾತು ಬಂದಾಗ ನಗು ನಿಂತಿತು.

ನಮ್ಮ ಗಿಡದ ಪಕ್ಕದ್ದು ಅಸಿಲ್‌ಕಾನ್ ಅಜ್ಜಿಯ ಮೊಮ್ಮಗನದ್ದು. ಅವರು ಗಂಡನ ಕಡೆಯವರಲ್ಲ, ಹೆಸರು ಹೇಳಬಹುದು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು. "ಮಗು ಹೆಸರಲ್ಲಿ ನೆಟ್ಟ ಗಿಡಕ್ಕೆ ಕೊಡಲಿ ಹಾಕ್ತಾರಾ? ಕಚೇರೀಲಿ ಇದನ್ನೇ ಕಲಿಸಿದ್ದಾ ನಿಂಗೆ?"

ಗುಂಪಿನಲ್ಲಿ ಗುಜುಗುಜು ಎದ್ದಿತು. ಮುಕಾಶ್ ಕೋಟಿನ ಗುಂಡಿ ಹಾಕಿಕೊಂಡರು. ಸರ್ಕಾರದ ದನಿಯಲ್ಲಿ ಮಾತಾಡುವ ಮುಂಚೆ ಅವರು ಹಾಗೆ ಮಾಡುತ್ತಾರೆ. ಅಷ್ಟರಲ್ಲಿ ಹಿರಿಯರ ಸಾಲಿನಿಂದ ಮಾವನವರು ಎದ್ದರು. ಕಲ್ಪಾಕ್ ಟೋಪಿಯನ್ನು ಸರಿಮಾಡಿಕೊಂಡು ಆಲೂಗಡ್ಡೆ ಗುಂಡಿಯ ಕಥೆ ಹೇಳಿದರು. ಏನನ್ನೂ ಬಿಡಲಿಲ್ಲ. ತಮ್ಮ ನುಣುಪಾದ ಒಡ್ಡು, ಅದು ಬಿದ್ದ ರೀತಿ, ಹೆಂಡತಿಯ ಬೈಗುಳ, ಎಲ್ಲ. ಜನ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ಮೇಲ್ತುದಿಯ ಏರಿಯನ್ನೂ ಅದರಾಚೆ ಕಾಲುವೆಯ ಬಾಯನ್ನೂ ನೋಡತೊಡಗಿದರು. ಎಲ್ಲರ ಹಿತ್ತಲಲ್ಲೂ ಅಂಥದೊಂದು ಗುಂಡಿಯಿದೆ.

"ಎತ್ತರಿಸಿ ಅಂದೋನು ನಾನು. ಗಿಡ ನೆಡಿ ಅಂದೋನೂ ನಾನು," ಎಂದರು ಮಾವನವರು. "ನನ್ನ ಸೊಸೆ ಅಳತೆ ಮಾಡಿ ತೋರಿಸಿದಳು, ಅವಳು ಹೇಳಿದ್ದು ಸರಿ. ಮೊದಲ ಗಿಡ ನಮ್ಮನೇದು. ಅದನ್ನ ನಾನೇ ಕಡೀತೀನಿ."

ಸೌದೆ ಒಡೆಯುತ್ತಿದ್ದವನ ಕೈಯಿಂದ ಕೊಡಲಿ ತೆಗೆದುಕೊಂಡು ಕೆಳತುದಿಗೆ ನಡೆದರು. ಊರೆಲ್ಲ ಹಿಂದೆ ಹೋಯಿತು. ಗಿಡ ಇನ್ನೂ ಎಲೆ ಬಿಟ್ಟಿರಲಿಲ್ಲ, ಮೊಗ್ಗುಗಳು ಅಂಟಂಟಾಗಿದ್ದವು. ನಾಲ್ಕೇಟಿಗೆ ಬಿತ್ತು. ಅದರ ರೆಂಬೆಗಳನ್ನು ಸವರಿ, ಮೊಳದುದ್ದದ ಕಡ್ಡಿಗಳಾಗಿ ಕತ್ತರಿಸಿ, ಒಂದನ್ನು ಅಸಿಲ್‌ಕಾನ್ ಅಜ್ಜಿಯ ಕೈಗೆ ಕೊಟ್ಟರು. ಏರಿಯಿಂದ ಆಚೆ, ಕೊಳದ ಹಿಂದಿನ ಗಟ್ಟಿ ನೆಲದಲ್ಲಿ ನೆಡಿ, ತೆರೆಕ್‌ಗೆ ಏನು, ಚುಚ್ಚಿದ ಕಡೆ ಬರುತ್ತದೆ ಎಂದರು. ಅಜ್ಜಿ ಕಡ್ಡಿಯ ಮೊಗ್ಗನ್ನು ಮುಟ್ಟಿ ನೋಡಿದರು. ನಿನ್ನ ಮೊಮ್ಮಗಳ ಗಿಡ ನನ್ನ ಮೊಮ್ಮಗನಿಗೆ ಕೊಟ್ಟೆಯಲ್ಲ, ನಾಳೆ ಹೆಣ್ಣು ಕೇಳಲು ಬಂದರೆ ಇಲ್ಲ ಅನ್ನಬೇಡ ಎಂದರು. ಆಗ ಎಲ್ಲರೂ ನಕ್ಕರು.

ಉಲ್ಜಾನ್ ಮಾತ್ರ ನಗಲಿಲ್ಲ. "ನನ್ನ ಮನೆಗೆ ಜಂತೆ?" ಎಂದು ಕೇಳಿದಳು.

ತಾತ ಉಳಿದ ಕಡ್ಡಿಗಳ ಕಟ್ಟನ್ನು ಅವಳ ತೋಳಿಗೆ ಒರಗಿಸಿದರು. ಅವಳು ಅದನ್ನು ನೋಡಿ ಯೋಚಿಸಿ, ಹಾಗಾದರೆ ದೊಡ್ಡ ಮನೆ ಎಂದಳು.

ಮರುವಾರ ಮತ್ತೆ ಮುಯ್ಯಾಳು. ಅಂದು ಏರಿಗೆ ಕಲ್ಲು ತಂದು ಸುರಿದ ಟ್ರೇಲರ್‌ಗಳೇ ಈಗ ಕೋಡಿಗೆ ಬಂಡೆ ತಂದವು. ಯಾವ ಬಂಡೆ ಎಲ್ಲಿ ಕೂರಬೇಕು ಎಂದು ನಾನು ಬಣ್ಣದ ಗುರುತು ಹಾಕುತ್ತಿದ್ದೆ, ಮಾವನವರು ಕೋಲಿನಿಂದ ಬಡಿದು ಅಲುಗಾಡುತ್ತದೋ ನೋಡುತ್ತಿದ್ದರು. ಏರಿಯ ಉಳಿದ ಸಾಲಿನ ಗಿಡಗಳೂ ಹೋಗಬೇಕು ಎನ್ನುವುದು ನನ್ನ ವಾದ. ಕೊಳ ತುಂಬಿದ ಮೇಲೆ ಅವೇನು ಮಾಡುತ್ತವೆ ಎನ್ನುವುದು ಅವರ ವಾದ. ಅದು ಇನ್ನೂ ಮುಗಿದಿಲ್ಲ, ಈ ವರ್ಷವೂ ಚಹಾದ ಜೊತೆಗೆ ನಡೆಯುತ್ತಿದೆ.

ಜೂನ್‌ನಲ್ಲಿ ಮೇಲಿನ ಹಿಮದ ಬೆಟ್ಟಗಳ ಮೇಲೆ ಬಿಸಿಲು ಒಂದೇ ಸಮನೆ ಬಿತ್ತು. ಹೊಳೆ ಕಂದು ಬಣ್ಣಕ್ಕೆ ತಿರುಗಿತು. ತಳದಲ್ಲಿ ಕಲ್ಲುಗಳು ಉರುಳುವ ಗುಡುಗುಡು ಅಡುಗೆಮನೆಯವರೆಗೂ ಕೇಳುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ ತಿನ್ನಲು ಕೊಟ್ಟು, ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಹೋದಾಗ ಮಾವನವರು ಆಗಲೇ ಕೊಳದ ಹಿಂದಿನ ದಿಬ್ಬದಲ್ಲಿ ಕೂತಿದ್ದರು. ಪಕ್ಕದಲ್ಲಿ ಹೊಸ ಕಡ್ಡಿಗಳು ಎಲೆ ಬಿಟ್ಟಿದ್ದವು. ಈಜುವ ಮಕ್ಕಳಿಗೆಂದು ಕಟ್ಟಿದ ಹಗ್ಗಕ್ಕೆ ನನ್ನ ಫಲಕ ತೂಗುತ್ತಿತ್ತು. ಹಿಮ ಕರಗುವ ದಿನಗಳಲ್ಲಿ ಯಾರೂ ನೀರಿಗಿಳಿಯಬಾರದು, ಬೇರೆ ದಿನ ಅಡ್ಡಿಯಿಲ್ಲ ಎಂದು ಬರೆದಿದ್ದೆ.

ನೀರು ಕೋಡಿಯ ಹತ್ತಿರ ಬಂದು ಬಂಡೆಗಳ ನಡುವೆ ಮೊದಲು ನಾಲಿಗೆ ಚಾಚಿದ ಹಾಗೆ ಹರಿಯಿತು, ಆಮೇಲೆ ಅಗಲವಾಗಿ ಒಳಗೆ ಬಂತು. ಧುಮುಕಲಿಲ್ಲ. ಹರಡಿಕೊಂಡಿತು. ವಿಲೋ ಗಿಡಗಳು ಮೊಣಕಾಲವರೆಗೆ ನೀರಲ್ಲಿ ನಿಂತವು, ಆಮೇಲೆ ಸೊಂಟದವರೆಗೆ. ಕೊಳ ಏರುತ್ತ ಏರುತ್ತ ಹೊಳೆಗೆ ಸರಿಸಮ ಬಂತು. ಮೇಲ್ತುದಿಯ ಏರಿ ಹಾಗೇ ನಿಂತಿತ್ತು. ಕಾಲುವೆಯ ಬಾಯಿ ನೋಡಲು ಹೋಗಿದ್ದ ತುರ್ಗುನ್ ದೂರದಿಂದಲೇ ಟೋಪಿ ಬೀಸಿದ. ಹತ್ತಿರ ಬಂದವನು, ಬಾಯಿ ಇದ್ದಲ್ಲೇ ಇದೆ ಅತ್ತಿಗೆ, ನನ್ನ ನೌಕರಿಯೂ ಇದ್ದಲ್ಲೇ ಇದೆ ಎಂದ.

"ಇಳಿದಾಗ ಬಂದ ದಾರೀಲೇ ಹೋಗುತ್ತಾ?" ಎಂದು ಮಾವನವರು ಕೇಳಿದರು.

"ಅಲ್ಲಿಂದಲೇ ಹೋಗುತ್ತೆ ಮಾವ."

ಅವರು ಕಾಲು ಚಾಚಿ ಕೂತರು. ಫ್ಲಾಸ್ಕ್ ತೆರೆದು ಅರ್ಧ ಬಟ್ಟಲು ಚಹಾ ಬಗ್ಗಿಸಿ ಕೊಟ್ಟೆ. ನೀರಿನಿಂದ ಕಣ್ಣು ತೆಗೆಯದೆ ಕುಡಿದು ಬಟ್ಟಲನ್ನು ಮತ್ತೆ ಮುಂದೆ ಹಿಡಿದರು. ಮತ್ತೆ ಅರ್ಧ ಬಗ್ಗಿಸಿದೆ. ಕುಡಿದು ಮತ್ತೆ ಹಿಡಿದರು. ಕಚೇರಿಗೆ ಹೊತ್ತಾಗುತ್ತಿತ್ತು. ನಾನೂ ಅಲ್ಲೇ ಪಕ್ಕದಲ್ಲಿ ಕೂತೆ.